ಊದುವ ಮೊದಲು

ಇದು ನಿವೃತ್ತಿಗೆ ಒಂದು ವರ್ಷ ಮೊದಲಿನ ಮಾತು. ಆಗ ನಾನು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್. ಹಿಮೋಫಿಲಿಯಾ ಇರುವ ಮಕ್ಕಳಿಗಾಗಿ ಲೇಸರ್ ಯಂತ್ರ ಬೇಕೆಂದು ಹಟ ಹಿಡಿದು ತರಿಸಿದವಳು ನಾನೇ. ಈ ಮಕ್ಕಳ ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶ, ಅಂದರೆ ಫ್ಯಾಕ್ಟರ್, ಕಡಿಮೆ. ಪೆಟ್ಟು ಬೀಳದಿದ್ದರೂ ಕೀಲಿನೊಳಗೆ ರಕ್ತ ಸೋರುತ್ತದೆ. ತಡಮಾಡದೆ ಫ್ಯಾಕ್ಟರ್ ಇಂಜೆಕ್ಷನ್ ಕೊಟ್ಟು ಅದನ್ನು ನಿಲ್ಲಿಸಬೇಕು. ನೋವು, ಬಾವು ಇಳಿಯಲು ಲೇಸರ್ ಬೆಳಕು ಆಮೇಲೆ ನೆರವಾಗಬಹುದು, ಅಷ್ಟೇ. ಸೋರುವ ರಕ್ತವನ್ನು ಬೆಳಕು ನಿಲ್ಲಿಸುವುದಿಲ್ಲ.

ಅಂದು ಬೆಳಿಗ್ಗೆ ಭದ್ರಾವತಿಯ ಜನ್ನಾಪುರದಿಂದ ಮಂಜುಳಾ ತನ್ನ ಮಗ ಚೇತನ್‌ನನ್ನು ಎತ್ತಿಕೊಂಡೇ ಬಂದಳು. ಅವನಿಗೆ ಒಂಬತ್ತು ವರ್ಷ. ನನ್ನ ಕೋಣೆಗೆ ಬಂದವನೇ ಲೇಸರ್‌ನಿಂದ ಕಣ್ಣು ಕಾಯುವ ಕಪ್ಪು ಕನ್ನಡಕ ಏರಿಸಿಕೊಂಡ.

"ಬೇಗ ಹಾಕಿ ಮೇಡಂ, ಹೀರೋಗೆ ಶೂಟಿಂಗ್ ಲೇಟಾಗತ್ತೆ."

"ಇಂಜೆಕ್ಷನ್ ಆಯ್ತೇನೋ?"

ಉತ್ತರ ಕೊಟ್ಟವಳು ತಾಯಿ. "ಎದ್ದ ಕೂಡ್ಲೇ ಮೊಣಕಾಲೊಳಗೆ ಇರುವೆ ಹರೀತಿದೆ ಅಂದ ಮೇಡಂ. ಓಡಿ ಬಂದ್ವಿ. ಇನ್ನೂ ಊದಿಲ್ವಲ್ಲ, ಸದ್ಯಕ್ಕೆ ಲೈಟ್ ಹಾಕಿಸ್ಕೊಂಡು ಹೋಗು ಅಂದ್ರು ಡಾಕ್ಟ್ರು."

ಕಣ್ಣಿಗೆ ಕಾಣುವ ಮೊದಲೇ ರಕ್ತಸ್ರಾವ ಈ ಮಕ್ಕಳಿಗೆ ಗೊತ್ತಾಗುತ್ತದೆ. ಚೇತನ್‌ನ ಇರುವೆ ಅದುವರೆಗೆ ಒಮ್ಮೆಯೂ ಸುಳ್ಳಾಗಿರಲಿಲ್ಲ. ನಾನು ಯಂತ್ರ ಹಚ್ಚದೆ ಅವರನ್ನು ಡ್ಯೂಟಿ ಡಾಕ್ಟರ ಬಳಿಗೆ ವಾಪಸು ಕರೆದುಕೊಂಡು ಹೋದೆ.

"ಫ್ಯಾಕ್ಟರ್ ವಯಲ್, ಆ ಇಂಜೆಕ್ಷನ್ ಬಾಟ್ಲಿ, ಇರೋದೇ ಸ್ವಲ್ಪ ಮೇಡಂ. ದೊಡ್ಡ ಕೇಸ್ ಬಂದ್ರೆ ಏನ್ ಮಾಡ್ಲಿ? ನಿಮ್ಮ ಲೈಟ್ ಇದೆಯಲ್ಲ," ಎಂದರು ಆ ಯುವ ಡಾಕ್ಟರು.

"ಉಬ್ಬೋ ತನಕ ಕಾಯೋಕೆ ನನ್ನ ಮಗನ ಕಾಲೇನು ಇಡ್ಲಿ ಹಿಟ್ಟಾ ಸಾರ್?"

ನೆನಪಿನಲ್ಲಿ ಈ ಮಾತು ನನ್ನ ದನಿಯಲ್ಲೇ ಕೇಳಿಸುತ್ತದೆ. ಆದರೆ ಆಡಿದವಳು ಮಂಜುಳಾ. ಅಷ್ಟು ಚುರುಕಾಗಿ ಮಾತಾಡುವುದು ನನಗೆ ಎಂದೂ ಬಂದಿಲ್ಲ. ನಾನು ಹೇಳಿದ್ದು ಇಷ್ಟೇ ಇರಬೇಕು: "ಫ್ಯಾಕ್ಟರ್ ಕೊಡೋವರೆಗೂ ನಾನು ಲೈಟ್ ಹಾಕಲ್ಲ."

ವಯಲ್ ತೆರೆಯಲು ಹಿರಿಯ ವೈದ್ಯರ ಒಪ್ಪಿಗೆ ಬೇಕಿತ್ತು. ಅವರು ಮೀಟಿಂಗಿನಲ್ಲಿದ್ದರು. ಬಾಗಿಲಲ್ಲಿದ್ದ ಅಟೆಂಡರ್ ನನ್ನನ್ನು ಎರಡು ಸಲ ವಾಪಸು ಕಳಿಸಿದ. ಮೂರನೇ ಸಲ ಕೇಳದೆ ಒಳಗೆ ನುಗ್ಗಿದೆ. ಹಿರಿಯರು ಸಿಡುಕುತ್ತಲೇ ಎದ್ದು ಬಂದರು. ಅಷ್ಟರಲ್ಲಿ ಬೆಂಚಿನ ಮೇಲೆ ಮಲಗಿದ್ದ ಹುಡುಗನ ಮೊಣಕಾಲು ಬಿಗಿದು, ಬಿಸಿಯಾಗಿ, ಮೂಸಂಬಿಯಂತೆ ದುಂಡಗಾಗಿತ್ತು. ಕನ್ನಡಕ ಇನ್ನೂ ಮೂಗಿನ ಮೇಲಿತ್ತು. ಅದರ ಕೆಳಗಿನಿಂದ ಕಣ್ಣೀರು ಇಳಿಯುತ್ತಿತ್ತು.

ಹಿರಿಯರು ಮುಟ್ಟಿ ನೋಡಿ, "ಹೌದು, ಈಗ ಊದಿದೆ. ಕೊಡಿ," ಎಂದರು.

ಆ "ಈಗ" ಎಂಬ ಮಾತಿಗೆ ನನಗೆ ಇಂದಿಗೂ ಮೈ ಉರಿಯುತ್ತದೆ. ತಡೆಯಬೇಕಾಗಿದ್ದ ಬಾವೇ ಔಷಧಿಗೆ ಅರ್ಹತೆಯಾಯಿತು! ವಯಲ್ ಸಾಲದಿದ್ದರೆ ಜಗಳವಾಡಿ ತರಿಸಬೇಕು. ಇರುವ ವಯಲನ್ನು ಕಪಾಟಿನಲ್ಲಿಟ್ಟು ಮಗುವಿಗೆ ಬೆಳಕು ತೋರಿಸುವುದು ಚಿಕಿತ್ಸೆಯಲ್ಲ, ಸಾಗಹಾಕುವ ಉಪಾಯ.

ಮುಂದಿನ ವಾರಗಳಲ್ಲಿ ಅವನಿಗೆ ಲೇಸರ್ ಕೊಟ್ಟೆ, ವ್ಯಾಯಾಮ ಮಾಡಿಸಿದೆ. ನೋವು ಇಳಿಯಿತು. ಕಾಲು ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ. ಆ ಬೆಳಗಿನ ವಿಳಂಬವೇ ಕಾರಣವೋ, ಹಿಂದಿನ ಸ್ರಾವಗಳೂ ಸೇರಿದ್ದವೋ, ಖಚಿತವಾಗಿ ಹೇಳಲಾರೆ. ಕೊಡಬಹುದಾಗಿದ್ದ ಹೊತ್ತಿಗೆ ಕೊಡಲಿಲ್ಲ ಎಂಬುದು ಮಾತ್ರ ಖಚಿತ.

ಅಂದಿನಿಂದ ನಿವೃತ್ತಿಯ ದಿನದವರೆಗೂ ಆ ಕಪ್ಪು ಕನ್ನಡಕವನ್ನು ನನ್ನ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದೆ. ಅದಿಲ್ಲದೆ ಲೇಸರ್ ಹಾಕುವಂತಿರಲಿಲ್ಲ; ಯಾವ ಮಗುವೇ ಬರಲಿ, ಇಂಜೆಕ್ಷನ್ ಆಗಿದೆ ಎಂದು ಹೇಳಿದ ಮೇಲೆಯೇ ಅದು ಹೊರಬರುತ್ತಿತ್ತು.