ಕಡಲಿಗೆ ಬಿದ್ದ ಲಿಂಗ

ಪವಾಡದ ಮಾತು ಬಂದರೆ ನಾನು ಎದ್ದು ಹೋಗುವ ಪೈಕಿ. ಕಲಬುರಗಿಯ ಸರಕಾರಿ ಕಚೇರಿಯಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಉರ್ದುವಿನಲ್ಲಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ದೇವರ ಮೇಲೆ ಆಣೆಯಿಟ್ಟು ಹಸಿ ಸುಳ್ಳು ಹೇಳುವವರನ್ನು ದಿನಬೆಳಗಾದರೆ ನೋಡುವವನಿಗೆ, ಯಾರದೋ ಕನಸಿನಲ್ಲಿ ದೇವರು ಬಂದ, ಯಾರದೋ ಹಿತ್ತಲಲ್ಲಿ ದೆವ್ವ ನಿಂತಿತ್ತು ಎಂದರೆ ನಂಬಿಕೆ ಎಲ್ಲಿಂದ ಹುಟ್ಟಬೇಕು? ಅಂಥವರ ಮುಖ ನೋಡಿ ಒಳಗೊಳಗೇ ನಗುತ್ತಿದ್ದೆ. ಈಗ ಹೇಳುವ ಸರದಿ ನನ್ನದು. ನೀವು ನಕ್ಕರೆ ನನಗೆ ಬೇಸರವಿಲ್ಲ.

ಅಪ್ಪ ಅವ್ವ ಇಬ್ಬರೂ ಬೇನೆಯಲ್ಲಿ ಹೋದ ಮೇಲೆ ನನ್ನನ್ನು ಸಾಕಿದವರು ಕಮಲಾಪುರದ ದೊಡ್ಡಪ್ಪ, ದೊಡ್ಡವ್ವ. ಅವರಿಗೆ ಮಕ್ಕಳಿರಲಿಲ್ಲ. ಕೆಂಪು ಬಾಳೆಯ ತೋಟ, ತೋಟದಲ್ಲೊಂದು ಬಾವಿ, ಅದೇ ಅವರ ಪ್ರಪಂಚ. ವಯಸ್ಸಾದ ಮೇಲೆ ದೊಡ್ಡಪ್ಪನಿಗೆ ಒಂದು ಹುಚ್ಚು ಹಿಡಿಯಿತು. ರಾಮೇಶ್ವರಕ್ಕೆ ಹೋಗಿ ಬಂದ ಯಾರೋ, ಅಲ್ಲಿ ಸಮುದ್ರದ ನಡುವೆ ತೆಂಗಿನ ಮರಗಳ ಸಣ್ಣ ಸಣ್ಣ ದ್ವೀಪಗಳಿವೆ, ಅಲ್ಲಿ ಮನುಷ್ಯರ ಗದ್ದಲವೇ ಇಲ್ಲ ಎಂದು ಹೇಳಿದ್ದರಂತೆ. ಅದನ್ನು ನೋಡಲೇಬೇಕು ಎಂದು ಹಟ.

ದೊಡ್ಡವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. “ಕೊರಳಾಗ ಲಿಂಗ ಇಟಗೊಂಡು ಸಮುದ್ರ ದಾಟಿ ಲಿಂಗ ನೋಡಾಕ ಹೊಂಟಾರ ನೋಡು ನಿಮ್ಮ ದೊಡ್ಡಪ್ಪ.”

“ನಾ ಗುಡಿ ನೋಡಾಕ ಹೊಂಟಿಲ್ಲ, ನೀರು ನೋಡಾಕ ಹೊಂಟೀನಿ” ಎಂದರು ದೊಡ್ಡಪ್ಪ. ತೋಟ ಬಿಟ್ಟು ಬರಲು ದೊಡ್ಡವ್ವನಿಗೆ ಮನಸ್ಸಿರಲಿಲ್ಲ. ನಾನು ರಜೆ ಹಾಕಿ ಅವರ ಜೊತೆ ಹೊರಟೆ.

ಆಗಿನ್ನೂ ಪಾಂಬನ್ ಸೇತುವೆ ಆಗಿರಲಿಲ್ಲ. ಮಂಡಪಂ ದಡದವರೆಗೆ ರೈಲು, ಮುಂದೆ ಯಾತ್ರಿಕರನ್ನು ಉಗಿದೋಣಿ ದಾಟಿಸುತ್ತಿತ್ತು. ದಾರಿಯುದ್ದಕ್ಕೂ ದೊಡ್ಡಪ್ಪ ದಿನಾ ಬೆಳಿಗ್ಗೆ ಕೊರಳಿನ ಕೆಂಪು ಹೊಲಿಗೆಯ ವಸ್ತ್ರ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಿದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನೀವು ಕೇಳುವ ಮೊದಲ ಪ್ರಶ್ನೆ ಅದೇ.

ರಾಮೇಶ್ವರದ ಗುಡಿಗೆ ಕೈಮುಗಿದ ಮೇಲೆ ಒಂದು ಹಾಯಿದೋಣಿ ಗೊತ್ತು ಮಾಡಿಕೊಂಡು ದ್ವೀಪಕ್ಕೆ ಹೋದೆವು. ದೋಣಿಯ ಮುದುಕ ಮುಂಬಯಿಯ ಬಂದರಿನಲ್ಲಿ ದುಡಿದವನು, ನಮ್ಮ ಹಿಂದುಸ್ತಾನಿ ಅವನಿಗೆ ತಿಳಿಯುತ್ತಿತ್ತು. ದ್ವೀಪವೆಂದರೆ ಬಿಳಿ ಮರಳು, ತೆಂಗು, ಬೆಸ್ತರ ನಾಲ್ಕಾರು ಗುಡಿಸಲು, ಒಂದು ಸಿಹಿನೀರಿನ ಗುಂಡಿ. ಗಾಳಿ ನಿಂತರೆ ಕಿವಿ ಕಿವುಡಾಯಿತೇನೋ ಎನ್ನುವಷ್ಟು ಸುಮ್ಮನಿತ್ತು. “ಇಷ್ಟು ನೀರದ, ಒಂದು ಬಾಳಿಗಿಡಕ್ಕ ಬರಾಂಗಿಲ್ಲ ನೋಡು ತಮ್ಮಾ” ಎಂದು ದೊಡ್ಡಪ್ಪ ಹುಡುಗರಂತೆ ನಕ್ಕು ಸ್ನಾನಕ್ಕೆ ಇಳಿದರು.

ತೆರೆಯೊಂದು ಅವರನ್ನು ಕೆಡವಿತು. ಎದ್ದು ನಿಂತು ಎದೆ ಮುಟ್ಟಿಕೊಂಡರು. ಶಿವದಾರ ಹರಿದು ಹೋಗಿತ್ತು. ವಸ್ತ್ರವೂ ಇರಲಿಲ್ಲ, ಲಿಂಗವೂ ಇರಲಿಲ್ಲ.

ನಮ್ಮ ಮನೆತನದಲ್ಲಿ ಹುಟ್ಟಿದಾಗ ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೆ ಮೈಬಿಟ್ಟು ಅಗಲಬಾರದು. ಅಗಲಿದರೆ, ಅದು ಮತ್ತೆ ಕೈಗೆ ಬರುವವರೆಗೆ ಅನ್ನ ನೀರು ಮುಟ್ಟಬಾರದೆಂಬುದು ಹಳೆಯ ಕಟ್ಟಳೆ. ಈಗಿನವರು ಮಠದ ಅಯ್ಯನವರಿಂದ ಹೊಸದು ಕಟ್ಟಿಸಿಕೊಂಡು ಸುಮ್ಮನಾಗುತ್ತಾರೆ. ದೊಡ್ಡಪ್ಪ ಈಗಿನವರಲ್ಲ. ತೆಂಗಿನ ಬುಡಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟರು.

ಬೆಸ್ತರು ಪಾಪ, ಮುಳುಗಿ ಮುಳುಗಿ ಹುಡುಕಿದರು. ಅಷ್ಟು ದೊಡ್ಡ ಕಡಲಿನಲ್ಲಿ ಅಂಗೈಯಗಲದ ವಸ್ತು ಸಿಗುವುದುಂಟೇ? ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ಈ ಗಾಳಿಯಲ್ಲಿ ದೋಣಿ ಬಿಟ್ಟರೆ ಎಲ್ಲರೂ ಮುಳುಗುತ್ತೇವೆ ಎಂದು ಮುದುಕ ಕೈಚೆಲ್ಲಿದ. ಅಯ್ಯನವರನ್ನು ಎಲ್ಲಿಂದ ತರಲಿ?

“ದೊಡ್ಡಪ್ಪಾ, ಒಂದು ಗುಟುಕರ ಎಳನೀರು ಕುಡೀರಿ” ಎಂದು ಕಾಲು ಹಿಡಿದೆ.

“ಲಿಂಗ ಇಲ್ಲದ ಮೈ ಹೆಣ, ತಮ್ಮಾ. ಹೆಣಕ್ಕ ನೀರು ಯಾಕ?” ಎಂದರು. ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮರುದಿನವೂ ಗಾಳಿ ಇಳಿಯಲಿಲ್ಲ. ಅವರ ತುಟಿ ಒಡೆಯಿತು, ನಾಲಿಗೆ ದಪ್ಪಗಾಗಿ ಮಾತು ತೊದಲಿತು. ಬಲವಂತವಾಗಿ ಬಾಯಿಗೆ ನೀರು ಬಿಡಲು ನೋಡಿದೆ. ಹಲ್ಲು ಕಚ್ಚಿ ಮುಖ ತಿರುಗಿಸಿದರು. ಬುದ್ಧಿ ಬಂದಾಗಿನಿಂದ ನನಗೆ ತಂದೆಯೆಂದರೆ ಅವರೇ. ಅವರು ಕಣ್ಣೆದುರೇ ಒಣಗುತ್ತಿದ್ದರು, ನಾನು ನೀರಿನ ನಡುವೆ ಚೊಂಬು ಹಿಡಿದು ಕೂತಿದ್ದೆ. ಆ ಹೊತ್ತಿನಲ್ಲಿ ನನಗೆ ಅವರ ಮೇಲೂ, ಆ ಕಟ್ಟಳೆ ಮಾಡಿದವರ ಮೇಲೂ ಕೆಟ್ಟ ಕೋಪ ಬಂದಿತ್ತು.

ಅದರ ಮರುದಿನ ಬಿಸಿಲು ನೆತ್ತಿಗೆ ಬಂದಾಗ ಅವರು ಕಣ್ಣು ಬಿಟ್ಟು ಎದ್ದು ಕೂತರು. “ತಮ್ಮಾ, ನೀರು ತಾ. ಸಿಕ್ಕದ.”

ಅವರ ಕೈ ನೋಡಿದೆ. ಬರಿಗೈ. “ಎಲ್ಲಿ ಅದರೀ?” ಎಂದೆ.

“ಮನ್ಯಾಗ. ಅಕಿ ಕೈಯಾಗ ಅದ.”

ಬಿಸಿಲಿಗೆ, ನೀರಡಿಕೆಗೆ ತಲೆ ಕೆಟ್ಟಿದೆ ಎಂದುಕೊಂಡೆ. ನಿಜ ಹೇಳಲೇ? ನನಗೆ ಸಂತೋಷವಾಯಿತು. ಹುಚ್ಚಾದರೂ ಆಗಲಿ, ನೀರು ಕುಡಿದರಲ್ಲ! ಅಂದು ಸಂಜೆ ಗಾಳಿಯೂ ಇಳಿಯಿತು, ದಡಕ್ಕೆ ಬಂದೆವು.

ಆದರೆ ರೈಲು ಹತ್ತಿದ ಮೇಲೆ ಇನ್ನೊಂದು ಚಿಂತೆ ಹತ್ತಿತು. ದೊಡ್ಡಪ್ಪ ಗಂಜಿ ಕುಡಿದರು, ನಿದ್ದೆ ಮಾಡಿದರು, ನನ್ನ ಜೊತೆ ಹರಟಿದರು. ಹುಚ್ಚಿನ ಲಕ್ಷಣ ಒಂದೂ ಇರಲಿಲ್ಲ. ಮನೆಯಲ್ಲಿ ಲಿಂಗ ಇಲ್ಲವೆಂದು ತಿಳಿದ ದಿನ ಇವರ ಗತಿಯೇನು? ಬಾಗಿಲಲ್ಲೇ ಪ್ರಾಣ ಬಿಟ್ಟಾರು. ಕಲಬುರಗಿಯಲ್ಲಿ ಇಳಿದಾಗ, ಒಂದು ದಿನ ನನ್ನ ಮನೆಯಲ್ಲಿ ಇದ್ದು, ಅಯ್ಯನವರನ್ನು ಕಂಡು ಹೋಗೋಣ ಎಂದು ಅಂಗಲಾಚಿದೆ. “ಅಕಿ ಕಾಯಾಕತ್ತಾಳ” ಎಂದು ಅವರೇ ಹೋಗಿ ಟಾಂಗಾ ಹತ್ತಿ ಕೂತರು. ದಾರಿಯ ಮಹಾಗಾಂವದಲ್ಲಿ ಕುದುರೆಗೆ ನೀರು ಕುಡಿಸುವ ನೆವದಲ್ಲಿ ನಾನು ಆದಷ್ಟು ತಡಮಾಡಿದೆ.

ದೊಡ್ಡವ್ವ ಹೊಸ್ತಿಲಲ್ಲಿ ನಿಂತಿದ್ದಳು. ಕಾಲಿಗೆ ನೀರು ಕೂಡ ಕೊಡಲಿಲ್ಲ. ಮಡಿಲಿನಿಂದ ವಸ್ತ್ರ ತೆಗೆದು ಬಿಚ್ಚಿ ಅವರ ಎಡಗೈಯಲ್ಲಿ ಇಟ್ಟಳು. “ಪರದೇಶಕ್ಕ ಹೋದಾಗ ಜ್ವಾಕಿ ಇರಬೇಕಿಲ್ಲೇನು?” ಎಂದಳು, ಸಣ್ಣ ಮಕ್ಕಳನ್ನು ಗದರಿಸಿದಂತೆ. ದೊಡ್ಡಪ್ಪ ಲಿಂಗವನ್ನು ತಿರುಗಿಸಿ ನೋಡಲೂ ಇಲ್ಲ. ಕಣ್ಣಿಗೊತ್ತಿಕೊಂಡು ಪೂಜೆಗೆ ಒಳಗೆ ಹೋದರು.

ಆಮೇಲೆ ದೊಡ್ಡವ್ವನನ್ನು ಕಚೇರಿಯ ಸಾಕ್ಷಿಯಂತೆ ಕೂಡಿಸಿಕೊಂಡು ಕೇಳಿದೆ. ಆಕೆ ಹೇಳಿದ್ದಿಷ್ಟೇ: “ಎರಡು ದಿನದಿಂದ ನನಗ ನೀರು ಇಳಿವಲ್ದಾಗಿತ್ತು. ಗಂಟಲದಾಗ ನಿಂದರತಿತ್ತು. ಮೂರನೇ ದಿನ ಮಧ್ಯಾಹ್ನ ತ್ವಾಟದ ಬಾವಿಗಿ ಕೊಡ ಬಿಟ್ಟೆ. ವಸ್ತ್ರದ ಸಮೇತ ಕೊಡದಾಗ ಬಂತು. ಅದರ ಮ್ಯಾಲ ನೀರು ಹಾಕಿ ಆ ನೀರು ಕುಡಿದೆ. ಇಳೀತು.”

“ಅದು ದೊಡ್ಡಪ್ಪಂದೇ ಅಂತ ಹ್ಯಾಂಗ ಗೊತ್ತಾತು?”

“ಮದುವಿಯಾದಾಗಿಂದ ಅದರ ಪೂಜಿಗಿ ನೀರು ಕೊಟ್ಟಾಕಿ ನಾ. ನನ್ನ ಕೇಳತೀಯೇನು?”

ತಿರುಗಿಸಿ ಮುರುಗಿಸಿ ಕೇಳಿದರೂ ಆಕೆಯ ಹೇಳಿಕೆ ಬದಲಾಗಲಿಲ್ಲ. ವಸ್ತ್ರದ ಅಂಚಿನ ಕೆಂಪು ದಾರದ ಹೊಲಿಗೆಯನ್ನು ನಾನು ಗುರುತಿಸಿದೆ; ಆದರೆ ಅದನ್ನು ಹೊಲಿದವಳು ಆಕೆಯೇ, ಅಂಥದೇ ಇನ್ನೊಂದನ್ನು ಹೊಲಿಯುವುದು ಕಷ್ಟವಲ್ಲ. ಬೇರೆ ಲಿಂಗವನ್ನೂ ತರಿಸಿರಬಹುದು. ಹಾಗಾದರೆ ಕಳೆದದ್ದನ್ನು ಆಕೆಗೆ ಹೇಳಿದವರು ಯಾರು? ನಮಗಿಂತ ಮೊದಲು ಆ ಕಡೆಯಿಂದ ಯಾರೂ ಬಂದಿರಲಿಲ್ಲ, ನಾನು ತಂತಿಯನ್ನೂ ಕೊಟ್ಟಿರಲಿಲ್ಲ. ದಿನ ಲೆಕ್ಕ ಹಾಕಿದರೆ ತಾಳೆಯಾಗುತ್ತದೆ. ಹೊತ್ತು ತಾಳೆಯಾಗುತ್ತದೆಯೇ ಎಂದು ನಾನು ಹೇಳಲಾರೆ, ದ್ವೀಪದಲ್ಲಿ ನಮ್ಮ ಹತ್ತಿರ ಗಡಿಯಾರವಿರಲಿಲ್ಲ. ವರ್ಷಗಟ್ಟಲೆ ಇದನ್ನು ತಲೆಯಲ್ಲಿ ತಿರುವಿದ್ದೇನೆ. ಒಂದು ಕಡೆ ಹೊಂದಿಸಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ.

ಬಹಳ ದಿನಗಳ ಮೇಲೆ ದೊಡ್ಡವ್ವ ಕಣ್ಣಿನ ಔಷಧಕ್ಕೆಂದು ಕಲಬುರಗಿಯ ನನ್ನ ಮನೆಗೆ ಬಂದಿದ್ದಳು. ದೊಡ್ಡಪ್ಪ ಕಮಲಾಪುರದಲ್ಲಿ ಗಟ್ಟಿಮುಟ್ಟಾಗಿಯೇ ಇದ್ದರು. ಒಂದು ಬೆಳಿಗ್ಗೆ ಊಟದ ನಡುವೆ ಆಕೆ ನೀರಿನ ಚೊಂಬನ್ನು ತುಟಿಗೆ ಹಚ್ಚಿ, ಹಾಗೆಯೇ ಕೆಳಗಿಟ್ಟಳು.

“ತಮ್ಮಾ, ನೀರು ಇಳಿವಲ್ದು” ಎಂದಳು.

ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೈ ತೊಳೆದು ಕಮಲಾಪುರಕ್ಕೆ ಟಾಂಗಾ ತರಲು ಓಡಿದೆ.