ಬಾಯಿ ಬಿಡದ ಬಾಡಿಗೆದಾರಳು

ಚಿಕ್ಕಲಸಂದ್ರದಲ್ಲಿ ಪುಟ್ಟ ಫ್ಲ್ಯಾಟ್ ಕೊಂಡೆ. ಬಾಡಿಗೆಗೆ ಕೊಡೋದು ಹೇಗೆಂದು ತಿಳಿಯಲು ಆನ್‌ಲೈನ್‌ನಲ್ಲಿ ಮನೆ ಮಾಲೀಕರ ಗುಂಪು ಸೇರಿದೆ. ನಾನಿರೋದು ಮಾತ್ರ ಜಯನಗರದಲ್ಲಿ, ಮಹಡಿ ಮೇಲಿನ ಬಾಡಿಗೆ ಮನೆಯಲ್ಲೇ.

ಗುಂಪಿನಲ್ಲಿ ಮೊದಲು ಕಂಡದ್ದು, ಫೋಟೋ ಸಮೇತ, ನಮ್ಮ ಓನರ್ ಆಂಟಿ. “ಮಹಡಿ ಮೇಲಿನ ಹುಡುಗಿ ಬಾಯೇ ಬಿಡಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗೀತಿದೆ. ಮುಂದುವರಿಸಲಾ?”

“ಅಂಥವರನ್ನ ನಂಬಬೇಡಿ ಮೇಡಂ, ಖಾಲಿ ಮಾಡಿಸಿ,” ಅಂದರು ಯಾರೋ ಅಂಕಲ್.

ಅಡ್ಡಹೆಸರಿನಲ್ಲಿದ್ದ ನಾನು, “ಗಲಾಟೆ ಇಲ್ಲದಿದ್ರೆ ಒಳ್ಳೇದಲ್ವಾ?” ಎಂದು ಬರೆದೆ.

“ನೀವು ಹೊಸಬರು, ಗೊತ್ತಾಗಲ್ಲ,” ಎಂದರು ಆಂಟಿ.

ಮರುದಿನ ಗೇಟಿನ ಹತ್ತಿರ ಧೈರ್ಯ ಮಾಡಿ, “ತಿಂಡಿ ಆಯ್ತಾ ಆಂಟಿ?” ಅಂದೆ.

ಆಂಟಿ ಗಾಬರಿಯಾದರು. “ಯಾಕಮ್ಮಾ, ಖಾಲಿ ಮಾಡ್ತಿದ್ದೀಯಾ?”

ಇಲ್ಲವೆಂದು ಹತ್ತು ನಿಮಿಷ ಮಾತಾಡಿದೆ. ಅಗ್ರಿಮೆಂಟ್ ಮುಂದುವರಿಯಿತು.

ಮೊನ್ನೆ ನನ್ನ ಫ್ಲ್ಯಾಟ್ ನೋಡಲು ಬಂದ ಹುಡುಗಿ ಎಲ್ಲದಕ್ಕೂ ತಲೆಯಾಡಿಸಿದಳಷ್ಟೇ. ಪಾಪ, ಒಳ್ಳೆಯವಳೇ ಇರಬೇಕು. ಆದರೂ ಗುಂಪಿನಲ್ಲಿ ಒಂದು ಮಾತು ಕೇಳಿಬಿಡೋಣ ಅನ್ನಿಸಿತು.