ಕೊಕ್ಕೆಹುಳುವಿನ ಗುಳಿಗೆಯ ಪಥ್ಯ

ನಾನು ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಕಾಲಕ್ಕೆ ಕೆಲಸದವರಲ್ಲಿ ಕೊಕ್ಕೆಹುಳುವಿನ ಕಾಟ ಬಹಳ. ಬರಿಗಾಲಲ್ಲಿ ಒದ್ದೆ ಮಣ್ಣು ತುಳಿದವರ ಮೈಗೆ ಹುಳು ಸೇರಿ, ರಕ್ತ ಹೀರಿ, ಕಟ್ಟುಮಸ್ತಾದ ಗಂಡಸರು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರು. ಅದಕ್ಕೊಂದು ಗುಳಿಗೆ ಬಂದಿತ್ತು. ಹುಳು ಸಾಯುತ್ತಿತ್ತು, ಸುಳ್ಳಲ್ಲ. ಆದರೆ ಅದರ ಜೊತೆ ಮದ್ಯವೋ ಜಿಡ್ಡೋ ಹೊಟ್ಟೆಗೆ ಬಿದ್ದರೆ ಅದೇ ಗುಳಿಗೆ ವಿಷವಾಗಿ ಯಕೃತ್ತನ್ನು ಸುಡುತ್ತಿತ್ತು. ಸಾರಾಯಿ ಬೇಡ, ಹೆಂಡ ಬೇಡ, ಎಣ್ಣೆ ತುಪ್ಪ ಬೇಡ ಎಂದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗಿ ನನ್ನ ಗಂಟಲು ಕಟ್ಟುತ್ತಿತ್ತು. ಎಲ್ಲರೂ ತಲೆಯಾಡಿಸುತ್ತಿದ್ದರು. ತಲೆಯಾಡಿಸುವುದಕ್ಕೆ ಅವರ ಗಂಟೇನು ಹೋಗಬೇಕು?

ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದು ಗಣಿಗಿಳಿದಿದ್ದವನೊಬ್ಬನಿಗೆ ಒಂದು ಬೆಳಿಗ್ಗೆ ಗುಳಿಗೆ ನುಂಗಿಸಿದೆ. ಸಾರಾಯಿ ಮುಟ್ಟದ ಸಾಧು ಮನುಷ್ಯ. ಮಧ್ಯಾಹ್ನ ಅವನ ಹೆಂಡತಿ ರೈಲಿನಲ್ಲಿ ಬಂದಳು. ಜೊತೆಗೊಂದು ಗಡಿಗೆ. ಆ ಹಳ್ಳಿಗಳಲ್ಲಿ ಈಚಲು ಮರದಿಂದ ನಸುಕಿನಲ್ಲೇ ಇಳಿಸಿದ ಸಿಹಿ ಹೆಂಡವನ್ನು ಯಾರೂ ಕುಡಿತ ಅನ್ನುವುದಿಲ್ಲ, ಬಸವಳಿದವರಿಗೆ ತಂಪಿಗೆಂದು ಕೊಡುತ್ತಾರೆ. ಆದರೆ ಬಿಸಿಲಿಗೆ, ರೈಲಿನ ಕುಲುಕಾಟಕ್ಕೆ, ಗಣಿಯ ಸ್ಟೇಷನ್ನು ಮಾರಿಕುಪ್ಪಂ ಸೇರುವಷ್ಟರಲ್ಲಿ ಅದು ಹುಳಿಯೇರಿ, ನೊರೆಗಟ್ಟಿ, ಮದ್ಯವೇ ಆಗಿತ್ತು. ನಾನು ವಾರ್ಡಿನ ಇನ್ನೊಂದು ತುದಿಯಿಂದ ಬರುವುದರೊಳಗೆ ಗಡಿಗೆ ಖಾಲಿ.

"ಏನಮ್ಮಾ ಕುಡಿಸ್ದೆ ಇವನಿಗೆ?" ಎಂದು ಕಿರುಚಿದೆ.

"ಸೀ ಎಂಡ ಸಿಸ್ಟರಮ್ಮ. ಓದ್ ವಾರ ಊರಿಗ್ ಬಂದಾಗ ಒಟ್ಟೆ ಉರೀತೈತೆ ಅಂದಿದ್ರು. ತಂಪಾಗ್ಲಿ ಅಂತ ಒತ್ತಾರೆ ಇಳಿಸ್ಕೊಂಡು ತಂದೆ."

ಡಾಕ್ಟರು ಓಡಿ ಬಂದು ಹೊಟ್ಟೆ ತೊಳೆದರು. ಸಕ್ಕರೆ ನೀರು ಕುಡಿಸಿದೆವು, ಸೂಜಿ ಚುಚ್ಚಿದೆವು. ಎರಡು ದಿನದಲ್ಲಿ ಅವನ ಕಣ್ಣು ಅರಿಶಿನವಾಯಿತು, ಆಮೇಲೆ ಮೂತ್ರ ನಿಂತಿತು. ಕಾರಣ ಗೊತ್ತಾಗಿ ಏನು ಬಂತು? ಕೈಯಲ್ಲಿ ಮದ್ದಿರಲಿಲ್ಲ. ಸೆರಗಿನಿಂದ ಗಾಳಿ ಹಾಕುತ್ತಿದ್ದ ಹೆಂಡತಿಯ ಎದುರಿಗೇ ಅವನು ಸತ್ತ.

ಗುಳಿಗೆ ನುಂಗುವವರಿಗೆಲ್ಲ ಈ ಸಂಗತಿ ಹೇಳಿ ಎಂದರು ಡಾಕ್ಟರು. ಮೂರು ಭಾಷೆಗಳಲ್ಲೂ ಹೇಳಿದೆ. ಈ ಸಲ ಯಾರೂ ಬರಿದೇ ತಲೆಯಾಡಿಸಲಿಲ್ಲ. ಆಸ್ಪತ್ರೆಯ ಬಾಗಿಲಿಗೆ ಬಂದ ಗಡಿಗೆಗಳನ್ನು ಹೆಂಗಸರು ತಾವೇ ಚರಂಡಿಗೆ ಸುರಿದರು. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. ರೈಲು ಹತ್ತಿ ಅವಳ ಊರಿಗೂ ಹೋಯಿತು. ಗಂಡನಿಗೆ ಹೆಂಡ ಕುಡಿಸಿ ಕೊಂದವಳು ಎಂಬ ಹೆಸರು ಅವಳಿಗೆ ಅಂಟಿಕೊಂಡಿತು. ಊರ ಬಾಯಿ ಮುಚ್ಚುವವರು ಯಾರು?

ಕೆಲವು ವಾರಗಳ ಮೇಲೆ ಅವಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಯ ಜಗಲಿಗೆ ಬಂದಳು. ಗುರುತೇ ಸಿಗದಷ್ಟು ಇಳಿದುಹೋಗಿದ್ದಳು.

"ಅತ್ತೆ ಮನೆಯೊಳಿಕ್ಕೆ ಸೇರಿಸ್ತಿಲ್ಲ. ನೀವೊಂದು ಮಾತು ಏಳ್ರಮ್ಮ, ಎಂಡದಿಂದ ಸತ್ತಿದ್ದಲ್ಲ ಅಂತ. ನೀವೇಳಿದ್ರೆ ನಂಬ್ತಾರೆ."

ನನ್ನ ಹಿಂದೆ ಬೆಂಚಿನ ಮೇಲೆ ಅವತ್ತಿನ ಗುಳಿಗೆಗೆಂದು ಬಂದ ಗಂಡಸರು ಕೂತಿದ್ದರು. ಅವರ ಹೆಂಡಂದಿರು ಕಿವಿ ನಿಮಿರಿಸಿ ನಿಂತಿದ್ದರು. ಹೆಂಡದ್ದೇನೂ ತಪ್ಪಿಲ್ಲ ಎಂದರೆ ನಾಳೆಯೇ ಗಡಿಗೆಗಳು ಒಳಗೆ ಬರುತ್ತವೆ. ಔಷಧಿಯದೇ ತಪ್ಪು ಎಂದರೆ ಇವರಲ್ಲೊಬ್ಬನೂ ಗುಳಿಗೆ ಮುಟ್ಟುವುದಿಲ್ಲ, ಹುಳುವಿನಿಂದಲೇ ಸಾಯುತ್ತಾರೆ.

"ಹಾಗೆ ಹೇಳೋಕಾಗಲ್ಲ ಕಣಮ್ಮ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಅಂಗಾರೆ ನಾನೇ ಸಾಯಿಸ್ದೆನಾ?"

ಬೆಂಚಿನವರೆಲ್ಲ ನನ್ನ ಕಡೆ ತಿರುಗಿದರು. ಗುಳಿಗೆಯ ಬಾಟಲಿ ಎತ್ತಿಕೊಂಡು, ಮೊದಲು ಕೂತಿದ್ದವನಿಗೆ ಬಾಯಿ ತೆರೆ ಎಂದೆ.